ಕರ್ನಾಟಕದ ಡೊಳ್ಳುಹೊಟ್ಟೆ: ಉಗಮ, ವಿಕಾಸ ಮತ್ತು ಕಾಮಗಾರಿ ಪ್ರಗತಿ

ರಾಜ್ಯದಲ್ಲಿ ಟೆಂಡರ್ ಕರೆಯದೆ, ಭೂಸ್ವಾಧೀನದ ತಕರಾರಿಲ್ಲದೆ, ಒಂದು ದಿನವೂ ತಡವಾಗದೆ ನಡೆಯುತ್ತಿರುವ ಏಕೈಕ ಸಾರ್ವಜನಿಕ ಕಾಮಗಾರಿ ಡೊಳ್ಳುಹೊಟ್ಟೆ. ಹಿಂದಿನ ವಿದ್ವಾಂಸರು ಇದನ್ನು ಖಾಸಗಿ ಕಟ್ಟಡವೆಂದು ಬಗೆದು, ಮಾಲೀಕನೊಬ್ಬನನ್ನೇ ಹೊಣೆ ಮಾಡಿ, ‘ಬಾಯಿ ಕಟ್ಟು, ಬೆಳಗ್ಗೆ ಎದ್ದು ಓಡು’ ಎಂಬ ಎರಡು ಸೂತ್ರಗಳಲ್ಲಿ ಇಡೀ ಶಾಸ್ತ್ರವನ್ನು ಮುಗಿಸಿಬಿಟ್ಟಿದ್ದಾರೆ. ಈ ಮತವನ್ನು ಖಂಡಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಪ್ರಬಂಧಕಾರನ ಸ್ವಂತ ಸೊಂಟದ ಸುತ್ತಳತೆ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ.

ಪ್ರಾಚೀನ ಆಕರಗಳನ್ನು ಮೊದಲು ನೋಡುವುದು ಪದ್ಧತಿ. ಕಡುಬು, ಮೋದಕ ತಿಂದು ಇಲಿಯ ಮೇಲೆ ಹೊರಟ ಗಣಪತಿ ಬಿದ್ದು, ಹೊಟ್ಟೆ ಒಡೆದು, ಹಾವನ್ನೇ ಸುತ್ತಿ ಕಟ್ಟಿಕೊಂಡ ವೃತ್ತಾಂತ ಪ್ರಸಿದ್ಧ. ಅದನ್ನು ಕಂಡು ನಕ್ಕ ಚಂದ್ರನಿಗೆ ಶಾಪ ತಟ್ಟಿತು. ಅಂದರೆ ಪರರ ಹೊಟ್ಟೆ ನೋಡಿ ನಗುವವರಿಗೆ ನಮ್ಮಲ್ಲಿ ದಂಡನೆಯ ವ್ಯವಸ್ಥೆ ಇತ್ತು. ಈಗ ಅದು ಜಾರಿಯಲ್ಲಿಲ್ಲ. ಚರಕಸಂಹಿತೆಯ ಸೂತ್ರಸ್ಥಾನ ಅತಿಸ್ಥೂಲನಿಗೆ ಎಂಟು ದೋಷಗಳನ್ನು ಹೇಳುತ್ತದೆ: ಆಯುಸ್ಸು ಕುಗ್ಗುವುದು, ಓಡಾಟಕ್ಕೆ ತೊಡಕು, ನಿಶ್ಶಕ್ತಿ, ದುರ್ಗಂಧ, ಬೆವರು, ಮಿತಿಮೀರಿದ ಹಸಿವು, ಮಿತಿಮೀರಿದ ಬಾಯಾರಿಕೆ. ಎಂಟನೆಯದು ಕುಟುಂಬದವರೆಲ್ಲ ಓದುವ ಪತ್ರಿಕೆಯಲ್ಲಿ ಅಚ್ಚಾಗತಕ್ಕದ್ದಲ್ಲ. ಕಾರಣಗಳ ಪಟ್ಟಿಯಲ್ಲಿ ಅತಿಭೋಜನ, ಹಗಲುನಿದ್ದೆ, ವ್ಯಾಯಾಮವಿಲ್ಲದಿರುವುದರ ಜೊತೆಗೆ ‘ಚಿಂತೆ ಇಲ್ಲದಿರುವುದು’ ಕೂಡ ಇದೆ. ಬೆಂಗಳೂರಿನಲ್ಲಿ 20 ವರ್ಷದ ಗೃಹಸಾಲದ ಕಂತು ಕಟ್ಟುತ್ತಲೇ ಹೊಟ್ಟೆ ಬೆಳೆಸಿದವರ ಪ್ರಮಾಣವನ್ನು ಗಮನಿಸಿದರೆ, ಈ ಒಂದು ಅಂಶದಲ್ಲಿ ಆಚಾರ್ಯರ ಮಾತಿಗೆ ತಿದ್ದುಪಡಿ ಅಗತ್ಯ.

ಇನ್ನು ಅಳತೆ. ತೂಕದ ಕಿಲೋಗಳನ್ನು ಎತ್ತರದ ಮೀಟರಿನ ವರ್ಗದಿಂದ ಭಾಗಿಸುವ ಲೆಕ್ಕವನ್ನು 1830ರ ದಶಕದಲ್ಲಿ ಕೊಟ್ಟವನು ಬೆಲ್ಜಿಯಂನ ಖಗೋಳಜ್ಞ ಅಡಾಲ್ಫ್ ಕೆಟ್ಲೆ. ಗ್ರಹಗೋಲಗಳ ಪಂಡಿತ ಭೂಮಿಯ ಮೇಲಿನ ಗೋಲಗಳತ್ತ ತಿರುಗಿದ್ದು ಸಹಜವೇ. 1972ರಲ್ಲಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು ಇದಕ್ಕೆ ಬಾಡಿ ಮಾಸ್ ಇಂಡೆಕ್ಸ್ ಎಂದು ನಾಮಕರಣ ಮಾಡಿದರು. ಆದರೆ ಭಾರತೀಯನ ಹೊಟ್ಟೆ ಈ ಸೂತ್ರಕ್ಕೆ ಸಿಕ್ಕಿಬೀಳುವಷ್ಟು ಪೆದ್ದಲ್ಲ. 2004ರಲ್ಲಿ ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ಯಡ್ಕಿನ್ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರದೇ ಫೋಟೊ ಹಾಕಿಸಿಕೊಂಡರು. ಇಬ್ಬರ ಸೂಚ್ಯಂಕವೂ 22.3. ಒಳಗಿನ ಕೊಬ್ಬು ಮಾತ್ರ ಯಡ್ಕಿನ್‌ರದು ಶೇ. 9.1, ಯಾಜ್ಞಿಕ್‌ರದು ಶೇ. 21.2. ಕೈಕಾಲು ಕಡ್ಡಿಯಂತಿದ್ದು ಮಧ್ಯಭಾಗದಲ್ಲಿ ಮಾತ್ರ ಸಮೃದ್ಧಿ ಕಾಣುವ ನಮ್ಮ ದೇಹಪ್ರಕೃತಿಗೆ ಅಂದಿನಿಂದ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿದೆ. ಹೀಗಾಗಿಯೇ ಅನ್ಯರಿಗೆ ಸೂಚ್ಯಂಕ 30ರಲ್ಲಿ ಶುರುವಾಗುವ ಬೊಜ್ಜು ನಮ್ಮ ವೈದ್ಯರ ಪ್ರಕಾರ 25ಕ್ಕೇ ಶುರು. ಸೊಂಟ ಗಂಡಸಿಗೆ 90 ಸೆಂಟಿಮೀಟರ್, ಹೆಂಗಸಿಗೆ 80 ಮುಟ್ಟಿದರೆ ಎಚ್ಚರಿಕೆಯ ಗಂಟೆ.

ಶಂಕುಸ್ಥಾಪನೆಯ ದಿನಾಂಕ ಯಾವುದು? ಪೂರ್ವಪಕ್ಷದವರು ಮದುವೆಯಾದ ಮಾರನೆಯ ವರ್ಷ ಎನ್ನುತ್ತಾರೆ. ಮೈಸೂರಿನ ಮಿಷನ್ ಆಸ್ಪತ್ರೆಯ ಹಳೆಯ ದಫ್ತರಗಳು ಬೇರೆಯೇ ಹೇಳುತ್ತವೆ. ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕವನ್ನು ಬರೆದಿಟ್ಟಿದ್ದರು. ಆ ಮಕ್ಕಳು ನಡುವಯಸ್ಸಿಗೆ ಬಂದ ಮೇಲೆ ಅವರನ್ನು ಹುಡುಕಿ ಪರೀಕ್ಷಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹುಟ್ಟುವಾಗ ತೀರಾ ಕಡಿಮೆ ತೂಗಿದವರಲ್ಲೇ ಹೃದ್ರೋಗ ಹೆಚ್ಚು ಕಂಡಿತು. ಅರೆಹೊಟ್ಟೆ ಉಂಡ ಬಸುರಿಯ ಒಡಲಲ್ಲಿ ಬೆಳೆದ ಕೂಸಿನ ಮೈ, ಮುಂದೆ ಬರಬಹುದಾದ ಬರಗಾಲಕ್ಕೆಂದು ಕೊಬ್ಬು ಕೂಡಿಡಲು ಕಲಿತೇ ಹುಟ್ಟುತ್ತದೆ ಎಂಬುದು ಇಂಥ ಅಧ್ಯಯನಗಳ ಹಿಂದಿನ ತರ್ಕ. ಬರದ ಬದಲು ಬೇಕರಿ ಬಂತು. ಅಜ್ಜಿಯ ಹಸಿವು ಹಾಕಿದ ಅಡಿಗಲ್ಲಿನ ಮೇಲೆ ಮೊಮ್ಮಗನ ದಿಲ್‌ಪಸಂದ್ ಗೋಡೆ ಎಬ್ಬಿಸಿತು. ಬೈಗುಳ ಮಾತ್ರ ಮೊಮ್ಮಗನಿಗೆ.

ಗುತ್ತಿಗೆದಾರರ ಪೈಕಿ ಅಗ್ರಗಣ್ಯರು ಮದುವೆಮನೆಯ ಬಡಿಸುವವರು. ಕ್ಷೇತ್ರಕಾರ್ಯದಲ್ಲಿ ದಾಖಲಾದ ವಿಧಾನ ಹೀಗಿದೆ. ಅತಿಥಿ ಎರಡೂ ಕೈ ಎಲೆಯ ಮೇಲೆ ಅಡ್ಡ ಹಿಡಿದು ‘ಸಾಕು, ಸಾಕು, ಶುಗರ್ ಇದೆ’ ಎನ್ನುತ್ತಾನೆ. ಬಡಿಸುವಾತ ‘ಒಂದೇ ಒಂದು ಹೋಳಿಗೆ ಸ್ವಾಮಿ, ಹೆಣ್ಣಿನ ಕಡೆಯವರು ಬೇಜಾರು ಮಾಡ್ಕೋತಾರೆ’ ಎಂದು ಬೆರಳ ಸಂದಿಯಲ್ಲೇ ಎರಡು ಜಾರಿಸುತ್ತಾನೆ. ಅವನ ಹಿಂದೆಯೇ ತುಪ್ಪದ ಗಿಂಡಿ ಹಿಡಿದ ಸೋದರಮಾವ. ಇಲ್ಲಿ ನಿರಾಕರಣೆಯನ್ನು ಸಮ್ಮತಿ ಎಂದೇ ಅರ್ಥೈಸಬೇಕೆಂಬುದು ಪಂಕ್ತಿಶಾಸ್ತ್ರದ ಇತ್ಯರ್ಥವಾದ ನಿಯಮ. ಕಚೇರಿಗಳಲ್ಲಿ ಈ ಹೊಣೆಯನ್ನು ಮೀಟಿಂಗಿನ ಗೋಡಂಬಿ, ಬಿಸ್ಕತ್ತುಗಳು ನಿಭಾಯಿಸುತ್ತವೆ. ಕರಗಿಸುವ ಇಲಾಖೆಯ ವಿಷಯ ಹೇಳುವಂತಿಲ್ಲ: ಫುಟ್‌ಪಾತ್ ಇದೆ, ಅದರ ಮೇಲೆ ಟ್ರಾನ್ಸ್‌ಫಾರ್ಮರ್, ಮರಳಿನ ಗುಡ್ಡೆ, ನಿಲ್ಲಿಸಿದ ಬೈಕು, ಮತ್ತು ನಡೆಯಲಾಗದೆ ನಿಂತವರ ಅನುಕೂಲಕ್ಕೆ ಗೋಬಿ ಗಾಡಿ ಇವೆ.

ಪ್ರಗತಿ ವರದಿ ತೃಪ್ತಿಕರ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ಕರ್ನಾಟಕದ ಶೇ. 22ರಷ್ಟು ಗಂಡಸರು, ಶೇ. 23ರಷ್ಟು ಹೆಂಗಸರು ಅತಿತೂಕದವರಿದ್ದರು. 2019-21ರ ಹೊತ್ತಿಗೆ ಇಬ್ಬರೂ ಶೇ. 30 ದಾಟಿದರು. ಇಷ್ಟು ವೇಗವಾಗಿ ನಮ್ಮಲ್ಲಿ ಒಂದು ಮೇಲ್ಸೇತುವೆಯ ಕಂಬವೂ ಎದ್ದ ನಿದರ್ಶನವಿಲ್ಲ. ಅದೇ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಶೇ. 35ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ ಎಂಬ ಅಂಶವೂ ಇದೆ. ಮುಂದಿನ ಅಡಿಗಲ್ಲುಗಳೂ ಸಿದ್ಧವಾಗುತ್ತಿವೆ ಎಂದು ಓದಿಕೊಳ್ಳುವುದು.

ನಿರ್ವಹಣಾ ವೆಚ್ಚದ ಕಡತ ಮಾತ್ರ ದಪ್ಪಗಿದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ, ವಯಸ್ಕರಲ್ಲಿ ಶೇ. 39.5ರಷ್ಟು ಮಂದಿಗೆ ಹೊಟ್ಟೆಯ ಬೊಜ್ಜು. ಸಕ್ಕರೆ, ರಕ್ತದೊತ್ತಡ, ಕೊಬ್ಬಿದ ಯಕೃತ್ತು, ಸವೆದ ಮಂಡಿ, ನಿದ್ದೆಯಲ್ಲಿ ಕಟ್ಟುವ ಉಸಿರು: ಕಟ್ಟಿದವರು ಊರೆಲ್ಲ ಇದ್ದರೂ ಮಾತ್ರೆಯ ಬಿಲ್ಲು ಒಬ್ಬನ ಹೆಸರಿಗೇ ಬರುತ್ತದೆ. 2025ರ ಫೆಬ್ರವರಿಯಲ್ಲಿ ಪ್ರಧಾನಿಯವರು ‘ಮನ್ ಕಿ ಬಾತ್’ನಲ್ಲಿ ಅಡುಗೆ ಎಣ್ಣೆಯನ್ನು ಶೇ. 10ರಷ್ಟು ಕಡಿಮೆ ಮಾಡಿ ಎಂದರು. ಸಲಹೆ ಒಳ್ಳೆಯದೇ. ಆದರೆ ಬೋಂಡಾ ಮುಳುಗಲು ಬೇಕಾದ ಆಳ ಬಾಣಲೆಯ ಧರ್ಮ, ಸರ್ಕಾರದ್ದಲ್ಲ. ಆದ್ದರಿಂದ ಬೋಂಡಾದ ಗಾತ್ರವನ್ನೇ ಶೇ. 10 ಕುಗ್ಗಿಸಿ, ಸಂಖ್ಯೆಯಲ್ಲಿ ಸರಿದೂಗಿಸುವ ಮಧ್ಯಮಮಾರ್ಗವನ್ನು ಗೃಹಿಣಿಯರು ಕಂಡುಕೊಂಡಿರುವಂತಿದೆ.

ಈ ಇಡೀ ಯೋಜನೆಯಲ್ಲಿ ದೂರದೃಷ್ಟಿ ತೋರಿದವನು ದರ್ಜಿಯೊಬ್ಬನೇ. ಲಂಡನ್ನಿನಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯ 1956ರಲ್ಲಿ ಬಸ್ ನೌಕರರ ಸಮವಸ್ತ್ರದ ಅಳತೆ ಪುಸ್ತಕ ತರಿಸಿ ನೋಡಿದ. ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಿಗಿಂತ ಕೂತೇ ಇರುವ ಡ್ರೈವರುಗಳ ಪ್ಯಾಂಟಿನ ಸೊಂಟ ದೊಡ್ಡದಿತ್ತು. ಹೃದ್ರೋಗವೂ ಅವರಲ್ಲೇ ಹೆಚ್ಚೆಂದು ಅವನು ಮೊದಲೇ ತೋರಿಸಿದ್ದ. ನಮ್ಮ ದರ್ಜಿಗಳಿಗೆ ಇದು ಹೊಸದಲ್ಲ. ಟೇಪು ಕೊರಳಿಗೆ ಹಾಕಿಕೊಳ್ಳುತ್ತ ‘ಒಳಗೆ ಎರಡಿಂಚು ಬಟ್ಟೆ ಬಿಟ್ಟಿರ್ತೀನಿ ಸಾರ್, ಬೇಕಾದಾಗ ಬಿಚ್ಕೊಳ್ಳಿ’ ಎನ್ನುವ ಆ ಒಂದು ಮಾತಿನಲ್ಲಿ ಮುಂದಿನ ಐದು ವರ್ಷದ ಅಗಲೀಕರಣಕ್ಕೆ ಜಾಗ ಕಾದಿರಿಸಲಾಗಿದೆ. ನಗರ ಯೋಜನಾ ಪ್ರಾಧಿಕಾರಗಳು ಅವನನ್ನು ಸಲಹೆಗಾರನನ್ನಾಗಿ ನೇಮಿಸಿಕೊಳ್ಳತಕ್ಕದ್ದು.

ಈ ಪ್ರಬಂಧದ ಬಗ್ಗೆ ಆಕ್ಷೇಪಣೆಗಳಿದ್ದಲ್ಲಿ ವಿದ್ವಾಂಸರು 30 ದಿನಗಳೊಳಗೆ ಲಿಖಿತವಾಗಿ, ಖುದ್ದಾಗಿ ಸಲ್ಲಿಸಬಹುದು. ಕಚೇರಿ ನಾಲ್ಕನೇ ಮಹಡಿಯಲ್ಲಿದೆ, ಲಿಫ್ಟ್ ಕೆಟ್ಟಿದೆ. ಆಕ್ಷೇಪಣೆ ಯಾವುದೂ ಬಾರದ ಕಾರಣ ಪ್ರಬಂಧವನ್ನು ಅಂಗೀಕರಿಸಲಾಗಿದೆ ಎಂಬ ಪ್ರಕಟಣೆಯನ್ನು ಈಗಾಗಲೇ ಟೈಪ್ ಮಾಡಿ ಇಡಲಾಗಿದೆ.