ಸಾಮೂಹಿಕ ಸ್ನಾನ ಮೀಮಾಂಸೆ

ಶಾಸ್ತ್ರಗ್ರಂಥದ ಮೊದಲಲ್ಲೇ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನೂ ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಜಪಾನಿನ ಹೋಟೆಲುಗಳ ಸಾಮೂಹಿಕ ಸ್ನಾನವನ್ನು ಕುರಿತ ಈ ಪ್ರಬಂಧವೂ ಅದನ್ನು ಮೀರುವಂತಿಲ್ಲ. ವಿಷಯ: ಬಿಸಿನೀರು. ಪ್ರಯೋಜನ: ಮೈಕೈ ನೋವಿನ ಶಮನ. ಸಂಬಂಧ: ಅಪರಿಚಿತರೊಡನೆ, ಬತ್ತಲೆಯಾಗಿ. ಇನ್ನುಳಿದದ್ದು ಅಧಿಕಾರಿ, ಅಂದರೆ ಈ ನೀರಿಗಿಳಿಯಲು ಯೋಗ್ಯನಾರು ಎಂಬ ಪ್ರಶ್ನೆ. ಉತ್ತರ: ಈಗಾಗಲೇ ಸ್ನಾನ ಮುಗಿಸಿದವನು.

ಇಲ್ಲಿ ಪೂರ್ವಪಕ್ಷ: ಸ್ನಾನವಾದವನಿಗೆ ಮತ್ತೆ ಸ್ನಾನವೇಕೆ? ಸಿದ್ಧಾಂತಿಗಳ ಸಮಾಧಾನ ಹೀಗಿದೆ. ಗೋಡೆಗುಂಟ ಸಾಲಾಗಿಟ್ಟ ಗಿಡ್ಡ ಸ್ಟೂಲಿನ ಮೇಲೆ ಕೂತು, ಸೋಪು ಹಚ್ಚಿ, ತಿಕ್ಕಿ, ನೊರೆಯ ಕಣವೂ ಉಳಿಯದಂತೆ ತೊಳೆದುಕೊಳ್ಳುವುದು ಕರ್ಮಕಾಂಡ. ಆಮೇಲೆ 40ರಿಂದ 42 ಡಿಗ್ರಿಯ ನೀರಿನಲ್ಲಿ ಕುತ್ತಿಗೆವರೆಗೆ ಮುಳುಗಿ ಏನೂ ಮಾಡದೆ ಕೂರುವುದು ಜ್ಞಾನಕಾಂಡ. ಕೊಳೆ ತೊಳೆಯಲೆಂದೇ ತೊಟ್ಟಿಗಿಳಿದವನು ಮಹಾಪಾತಕಿ. ನಮ್ಮ ಅಜ್ಜಿಯರ ಮಡಿಯೂ ಇಷ್ಟೇ ಕಟ್ಟುನಿಟ್ಟು. ಆದರೆ ಅದಕ್ಕೆ ಒಂದು ಸೀರೆಯಾದರೂ ಬೇಕಿತ್ತು. ಇಲ್ಲಿ ನೂಲೆಳೆಯಿದ್ದರೂ ಮೈಲಿಗೆ.

ಇನ್ನು ನೀರಿನ ಲಕ್ಷಣ. 1948ರ ಜಪಾನಿ ಕಾನೂನಿನ ಪ್ರಕಾರ ನೆಲದಿಂದ ಉಕ್ಕುವ ನೀರು 25 ಡಿಗ್ರಿಯಷ್ಟು ಬೆಚ್ಚಗಿದ್ದರೆ ಅದು ಒನ್ಸೆನ್, ಬಿಸಿನೀರ ಬುಗ್ಗೆ. ಅಷ್ಟು ಬಿಸಿಯಿಲ್ಲವೇ? ಪಟ್ಟಿಮಾಡಿದ 19 ಪದಾರ್ಥಗಳಲ್ಲಿ ಒಂದಾದರೂ ನಿಗದಿತ ಪ್ರಮಾಣದಲ್ಲಿದ್ದರೆ ಸಾಕು, ತಣ್ಣೀರೂ ಬಿಸಿನೀರ ಬುಗ್ಗೆಯೇ. ಈ ಲೆಕ್ಕದಲ್ಲಿ ರಾಯಚೂರಿನ ಬೋರ್‌ವೆಲ್‌ಗಳಿಗೆ ಯಾರೂ ಇನ್ನೂ ಸ್ನಾನಗೃಹದ ಬಾಗಿಲುಪರದೆ ಕಟ್ಟಿಲ್ಲವೆಂಬುದು ಆಡಳಿತದ ಲೋಪ. ಸುಂಕ ವಸೂಲಿಗೂ ದಾರಿಯಿದೆ: ಬುಗ್ಗೆಯಲ್ಲಿ ಮಿಂದವರಿಂದ ಜಪಾನಿನ ಊರಾಡಳಿತಗಳು ತಲೆಗೆ ಸಾಮಾನ್ಯವಾಗಿ 150 ಯೆನ್ ಸ್ನಾನತೆರಿಗೆ ಪಡೆಯುತ್ತವೆ.

ಪರಂಪರೆಯ ಮಾತು ಬಂದಾಗ ಸಂಶೋಧಕರು ವಿನಯದಿಂದ ತಲೆ ತಗ್ಗಿಸುವುದು ಲೇಸು. ಯಮನಾಶಿ ಪ್ರಾಂತದ ಕೇಯುನ್‌ಕಾನ್ ಹೋಟೆಲು ಶುರುವಾದದ್ದು 705ರಲ್ಲಿ ಎನ್ನುತ್ತಾರೆ. ಜಗತ್ತಿನ ಅತಿ ಹಳೆಯ ಹೋಟೆಲೆಂದು ಗಿನ್ನೆಸ್ ಕೂಡ ಮುದ್ರೆಯೊತ್ತಿದೆ. ಬಾದಾಮಿಯಲ್ಲಿ ಚಾಲುಕ್ಯ ವಿಜಯಾದಿತ್ಯ ಆಳುತ್ತಿದ್ದ ಕಾಲವದು. ಮತ್ಸುಯಾಮದ ದೋಗೊ ಸ್ನಾನಗೃಹದ ಈಗಿನ ಮರದ ಕಟ್ಟಡ 1894ರದು. ನತ್ಸುಮೆ ಸೋಸೆಕಿಯ 1906ರ ‘ಬೊಚ್ಚಾನ್’ ಕಾದಂಬರಿಯ ಮೇಷ್ಟರು ಬಿಸಿನೀರ ತೊಟ್ಟಿಯಲ್ಲಿ ಖುಷಿಯಿಂದ ಈಜುತ್ತಾರೆ. ಮತ್ತೊಮ್ಮೆ ಹೋದರೆ ‘ಈಜಬಾರದು’ ಎಂಬ ಫಲಕ ಎದುರಾಗುತ್ತದೆ. ಬೊಚ್ಚಾನ್ ಈಜಕೂಡದೆಂಬ ಫಲಕವನ್ನು ದೋಗೊದವರು ನಿಜವಾಗಿಯೂ ತೂಗುಹಾಕಿದ್ದಾರೆ. ಕಲ್ಪಿತ ವ್ಯಕ್ತಿಯನ್ನೂ ನಿಯಮಕ್ಕೆ ಒಳಪಡಿಸುವ ಇಂಥ ಶಿಸ್ತು ಬೇರೆಡೆ ಅಪರೂಪ.

ಈಗ ಶಾಸ್ತ್ರದ ಜಟಿಲ ಅಧ್ಯಾಯ: ಚಿಕ್ಕ ಟವೆಲು. ಹೋಟೆಲಿನವರು ಕೊಡುವ ಈ ವಸ್ತ್ರದ ಅಗಲ ಒಂದಡಿಗಿಂತ ಕೊಂಚ ಹೆಚ್ಚು. ಮುಂದೆ ಹಿಡಿದರೆ ಹಿಂದಿಲ್ಲ, ಹಿಂದೆ ಹಿಡಿದರೆ ಮುಂದಿಲ್ಲ. ಊಟದಲ್ಲಿ ಉದಾರಿಯಾದ ಗೃಹಸ್ಥನಿಗೆ ಎರಡೂ ಕಡೆ ಇಲ್ಲ. ಅದನ್ನು ತೊಟ್ಟಿಯ ನೀರಿಗೆ ಸೋಕಿಸುವುದಂತೂ ನಿಷಿದ್ಧ. ಹಾಗಾದರೆ ಎಲ್ಲಿಡಬೇಕು? ಈ ಪ್ರಶ್ನೆಯಿಂದ ಎರಡು ಪಂಥಗಳು ಹುಟ್ಟಿವೆ. ಮಡಿಚಿ ನೆತ್ತಿಯ ಮೇಲಿಡುವವರು ಶಿರೋವಾದಿಗಳು. ಅಂಚಿನ ಕಲ್ಲಿನ ಮೇಲಿಡುವವರು ತಟವಾದಿಗಳು. ಇಬ್ಬರೂ ಒಂದೇ ತೊಟ್ಟಿಯಲ್ಲಿ ಜಗಳವಿಲ್ಲದೆ ಕೂರುತ್ತಾರೆಂಬುದು ದರ್ಶನಶಾಸ್ತ್ರದ ಇತಿಹಾಸದಲ್ಲಿ ಅಪೂರ್ವ ಸಂಗತಿ.

‘ಅಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ’ ಎಂದು ಅನುಭವಸ್ಥರು ಧೈರ್ಯ ಹೇಳುತ್ತಾರೆ. ಆದರೆ ಯಾರೂ ನೋಡುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಲು ಹೊಸಬ ಸುತ್ತ ನೋಡಲೇಬೇಕು. ನೋಡಿದೊಡನೆ, ನೋಡುವವನೊಬ್ಬ ಇದ್ದಾನೆಂದು ಸಿದ್ಧವಾಗಿ ಪ್ರತಿಜ್ಞೆ ಬಿದ್ದುಹೋಗುತ್ತದೆ. ಈ ದೋಷಕ್ಕೆ ಸದ್ಯಕ್ಕಿರುವ ಪರಿಹಾರ, ಕನ್ನಡಕ ತೆಗೆದಿಟ್ಟು ಹೋಗುವುದು.

ಗಂಡಸರ ಕಡೆಗೆ ನೀಲಿ ಪರದೆ, ಹೆಂಗಸರ ಕಡೆಗೆ ಕೆಂಪು ಪರದೆ ಎಂಬುದು ರೂಢಿ. ಅನೇಕ ಹೋಟೆಲುಗಳು ರಾತ್ರಿ ಕಳೆಯುವಷ್ಟರಲ್ಲಿ ಪರದೆಗಳನ್ನು ಅದಲುಬದಲು ಮಾಡಿಬಿಡುತ್ತವೆ, ಎರಡು ಕಡೆಯ ತೊಟ್ಟಿಗಳ ಸುಖವೂ ಎಲ್ಲರಿಗೂ ಸಿಗಲೆಂದು. ಸ್ಮೃತಿ ಪ್ರಮಾಣವಲ್ಲವೆಂದು ನಮ್ಮ ನೈಯಾಯಿಕರು ಹೇಳಿದ್ದನ್ನು ಹಗುರವಾಗಿ ಕಂಡು, ನಿನ್ನೆಯ ನೆನಪಿನ ಮೇಲೆ ನಿದ್ದೆಗಣ್ಣಲ್ಲಿ ಒಳನುಗ್ಗುವವನ ಗತಿಯನ್ನು ವರ್ಣಿಸಲು ಈ ಪತ್ರಿಕೆಯ ಸಂಪಾದಕರು ಒಪ್ಪಲಾರರು.

ಅನಧಿಕಾರಿಗಳ ಪಟ್ಟಿಯಲ್ಲಿ ಹಚ್ಚೆಯವರದೇ ಮೊದಲ ಹೆಸರು. ಮೈತುಂಬ ಚಿತ್ತಾರದ ಯಾಕುಜಾ ಪಾತಕಿಗಳನ್ನು ದೂರವಿಡಲು ಹುಟ್ಟಿದ ನಿಯಮವಿದು. 2013ರಲ್ಲಿ ಹೊಕ್ಕೈದೋದ ಸ್ನಾನಗೃಹವೊಂದು, ಭಾಷಾ ಸಮ್ಮೇಳನಕ್ಕೆ ಬಂದಿದ್ದ ಮಾವೊರಿ ಮಹಿಳೆಯನ್ನು ಮುಖದ ಮೇಲಿನ ಸಾಂಪ್ರದಾಯಿಕ ಹಚ್ಚೆಗಾಗಿ ಹೊರಗೆ ನಿಲ್ಲಿಸಿತು. 2015ರಲ್ಲಿ ಪ್ರವಾಸೋದ್ಯಮ ಇಲಾಖೆ ವಿಚಾರಿಸಿದಾಗ, ಉತ್ತರಿಸಿದ ಹೋಟೆಲುಗಳಲ್ಲಿ ಶೇ. 56ರಷ್ಟು ಹಚ್ಚೆಯವರಿಗೆ ಪ್ರವೇಶವಿಲ್ಲ ಎಂದವು. ಮುಂಗೈಗೆ ಹಚ್ಚೆ ಹೊಯ್ಯಿಸಿಕೊಂಡ ನಮ್ಮ ಹಳ್ಳಿಯ ಮುದುಕಿಯರು ಅಲ್ಲಿಗೆ ಹೋದರೆ ಪಾತಕಿಗಳ ಸಾಲಿಗೆ ಸೇರಿಯಾರು. ಸಣ್ಣ ಹಚ್ಚೆಯಾದರೆ ಸ್ಟಿಕ್ಕರು ಅಂಟಿಸಿ ಒಳಬಿಡುವ ಕರುಣಾಳುಗಳೂ ಇದ್ದಾರೆ.

ಕೊನೆಯದಾಗಿ ಚಿಹ್ನೆಯ ವಿವಾದ. ತೊಟ್ಟಿಯ ಮೇಲೆ ಮೂರು ಹಬೆಯೆಳೆಗಳಿರುವ ಒನ್ಸೆನ್ ಗುರುತನ್ನು ಕಂಡ ವಿದೇಶೀಯರು ಬಿಸಿ ಊಟ ಸಿಗುವ ಜಾಗವೆಂದುಕೊಳ್ಳುತ್ತಾರೆಂದು 2016ರಲ್ಲಿ ಸರ್ಕಾರ ಚಿಂತಿಸಿ, ತೊಟ್ಟಿಯೊಳಗೆ ಮೂವರನ್ನು ಕೂರಿಸಿದ ಚಿತ್ರವನ್ನು ಮುಂದಿಟ್ಟಿತು. ಬುಗ್ಗೆಯೂರುಗಳವರು ಪ್ರತಿಭಟಿಸಿದರು. ಮರುವರ್ಷ ಎರಡೂ ಇರಲಿ ಎಂದು ತೀರ್ಪಾಯಿತು. ಹೊಸ ಚಿತ್ರದ ಮೂವರ ನೆತ್ತಿಯೂ ಬರಿದು. ಅಂದಮೇಲೆ ಸರ್ಕಾರ ತಟವಾದಿಗಳ ಪಕ್ಷವೆಂದೇ ತಿಳಿಯಬೇಕು.