ಬರೀ 12 ವೋಲ್ಟು!

ಅಲ್ಲಾ ರಾಯರೇ, ನಿಮ್ಮ ಮಗರಾಯ ಬೆಳಗಿಂದ ಕಾರಿನ ಡಿಕ್ಕಿಯೊಳಗೆ ತಲೆ ತೂರಿಸ್ಕೊಂಡು ಕೂತಿದಾನಲ್ಲ, ಏನು ಸಮಾಚಾರ? ಓಹೋ, ಆಂಪ್ಲಿಫೈಯರ್ರು! ಜೆ.ಸಿ. ರಸ್ತೆಯಿಂದ ತಂದ್ನಾ? ಸರಿ, ಇನ್ಮೇಲೆ ಅವನು ಬೀದಿ ತಿರುವಿಗೆ ಬಂದ ಸುದ್ದಿ ನಮ್ಮನೆ ಕಿಟಕಿ ಗಾಜಿಗೆ ಮೊದಲು ಗೊತ್ತಾಗುತ್ತೆ. ಅದಿರಲಿ, ಕೈಯಲ್ಲಿರೋ ಆ ವೈರಿನ ಸುರುಳಿ ಯಾವುದು? ಏಸಿ ಹಾಕಿಸಿದಾಗ ಉಳಿದಿದ್ದ 4 ಸ್ಕ್ವೇರ್ ಎಂಎಂ ವೈರಾ? ಮೊದಲು ಅದನ್ನ ಕೆಳಗಿಡಕ್ಕೆ ಹೇಳಿ.

ಏನಂತಾನೆ? "ಬರೀ 12 ವೋಲ್ಟು ಅಂಕಲ್, ಮುಟ್ಟಿದ್ರೂ ಶಾಕ್ ಹೊಡೆಯಲ್ಲ" ಅಂತಾನಾ? ಶಾಕ್ ಹೊಡೆಯಲ್ಲ, ನಿಜ. ಬೆಂಕಿ ಹತ್ತುತ್ತೆ. ಇದೊಂದು ವಿಷಯ ಓದಿದೋರಿಗೂ ತಲೆಗೆ ಹೋಗಲ್ಲ ನೋಡಿ. ನಿಮ್ಮನೆ ಮಿಕ್ಸಿ 500 ವಾಟಿನದು ಅಂತಿಟ್ಕೊಳ್ಳಿ. 230 ವೋಲ್ಟಿನಲ್ಲಿ ಅದು ಎಳೆಯೋದು ಎರಡು ಆಂಪಿಯರ್ ಚಿಲ್ಲರೆ. ಅದೇ 500 ವಾಟು ಕಾರಿನ ಆಂಪ್ಲಿಫೈಯರಿಂದ ಹೊರಗೆ ಬರಬೇಕಾದ್ರೆ, ಒಳ್ಳೆ ಕ್ಲಾಸ್-ಡಿ ಆಂಪೇ ಆದ್ರೂ ನೂರಕ್ಕೆ ಇಪ್ಪತ್ತು ಭಾಗ ಶಾಖವಾಗಿ ಹೋಗುತ್ತೆ, ಸುಮಾರು 45 ಆಂಪಿಯರ್ ಬೇಕು. ಅದೂ ಇಂಜಿನ್ ಓಡ್ತಾ ವೋಲ್ಟೇಜು 13.8ರ ಹತ್ತಿರ ಇದ್ದಾಗ. ಆ ಏಸಿ ವೈರಿನಲ್ಲಿ 45 ಆಂಪಿಯರ್ ಹರಿಸಿದ್ರೆ ಐದು ಮೀಟರ್ ದಾಟೋಷ್ಟರಲ್ಲಿ ಒಂದು ವೋಲ್ಟಿನ ಮೇಲೆ ಮಾಯ. ಹೋಗಿದ್ದೆಲ್ಲಿಗೆ ಅಂದ್ರೆ, ವೈರನ್ನ ಕಾಯಿಸಕ್ಕೆ. ಕಾರ್ಪೆಟ್ ಅಡಿಯಲ್ಲಿ, ನಿಮ್ಮ ಮನೆಯೋರು ಕೂರೋ ಸೀಟಿನ ಪಕ್ಕದಲ್ಲೇ.

ಎಷ್ಟು ವಾಟಿನದಂತೆ ಅದು? 3000 ಅಂತ ಬರೆದಿದೆಯಾ? ಹ್ಹ ಹ್ಹ! ರಾಯರೇ, ಆಂಪಿನ ಡಬ್ಬದ ಮೇಲಿನ ವಾಟು ಅಂದ್ರೆ ಗಂಡಿನ ಕಡೆಯೋರು ಹೇಳೋ ಸಂಬಳ ಇದ್ದ ಹಾಗೆ. ಕೈಗೆ ಬರೋದೆಷ್ಟು ಅಂತ ಬೇರೆ ಕೇಳಬೇಕು. ಅದಕ್ಕೆ ಆರ್‌ಎಂಎಸ್ ಅಂತಾರೆ, ಮ್ಯಾನ್ಯುಯಲ್ಲಿನಲ್ಲಿ ಇರುತ್ತೆ. ಇಲ್ದಿದ್ರೆ ಆಂಪಿನ ಮೈಮೇಲಿರೋ ಫ್ಯೂಸ್ ನೋಡಲಿ. ಎರಡು 25ರ ಫ್ಯೂಸ್ ಇದ್ರೆ ಒಟ್ಟು 50 ಆಂಪಿಯರ್. ಅಷ್ಟರಲ್ಲಿ 3000 ವಾಟು ಹುಟ್ಟೋದು ಹೆಂಗೆ? ಐನೂರು ಚಿಲ್ಲರೆ ಬಂದ್ರೆ ಪುಣ್ಯ. ವೈರನ್ನ ಈ ಲೆಕ್ಕ ಹಿಡಿದು ಆರಿಸಬೇಕು. ಬ್ಯಾಟರಿಯಿಂದ ಡಿಕ್ಕಿವರೆಗೆ 4 ಗೇಜ್, ಅಂದ್ರೆ ಸುಮಾರು 21 ಸ್ಕ್ವೇರ್ ಎಂಎಂ. ಗೇಜಿನ ನಂಬರ್ ಕಮ್ಮಿ ಆದಷ್ಟೂ ವೈರು ದಪ್ಪ, ಮರೆತು 8 ತಂದಾನು ಮತ್ತೆ.

ಅಂಗಡಿಯಲ್ಲಿ ರೆಡಿ ಕಿಟ್ ಸಿಗುತ್ತೆ, ಹೌದು. ಅಗ್ಗದ್ದು ಬಹುಪಾಲು ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ, ಸಿಸಿಎ ಅಂತಾರೆ. ಒಂದು ಎಳೆ ಬಿಡಿಸಿ ಬ್ಲೇಡಿನಲ್ಲಿ ಕೆರೆದು ನೋಡಿ. ಮೇಲೆ ಕೆಂಪು, ಒಳಗೆ ಬಿಳಿ ಇದ್ರೆ ಅದೇ. ತವರ ಬಳಿದ ಒಳ್ಳೆ ತಾಮ್ರ ಇದಕ್ಕೆ ತದ್ವಿರುದ್ಧ, ಮೇಲೆ ಬಿಳಿ, ಒಳಗೆ ಕೆಂಪು. ಸಿಸಿಎ ಹಾಕಲೇಬಾರದು ಅಂತಲ್ಲ, ತಾಮ್ರಕ್ಕೆ ಹೋಲಿಸಿದ್ರೆ ಒಂದೂವರೆ ಪಟ್ಟು ತಡೆ ಇರುತ್ತೆ, ಹಾಗಾಗಿ ಇನ್ನೂ ದಪ್ಪಂದು ಬೇಕಾಗುತ್ತೆ. ನನ್ನ ಕೇಳಿದ್ರೆ ಪೂರ್ತಿ ತಾಮ್ರದ್ದನ್ನೇ ತಗೊಳ್ಳಿ. ಅಷ್ಟು ದುಡ್ಡು ಸುರಿದು ಆಂಪು ತಂದು ವೈರಿನಲ್ಲಿ ಜುಗ್ಗತನ ಯಾಕೆ?

"ಆಂಪಿನಲ್ಲೇ ಫ್ಯೂಸ್ ಇದೆಯಲ್ಲ, ಇನ್ನೊಂದ್ಯಾಕೆ?" ಅಂತಾನಾ? ಬಂತು ನೋಡಿ ಅಸಲು ಪ್ರಶ್ನೆ. ಆಂಪಿನ ಫ್ಯೂಸು ಆಂಪಿಗೆ. ಬಾನೆಟ್ಟಿಂದ ಡಿಕ್ಕಿವರೆಗೆ ಮಲಗಿರೋ ವೈರಿಗೆ ಯಾರು ದಿಕ್ಕು? ಎಲ್ಲಾದ್ರೂ ಸಿಪ್ಪೆ ಸವೆದು ಕಾರಿನ ಬಾಡಿಗೆ ತಾಗಿತು ಅನ್ನಿ, ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತೆ, ಡಿಕ್ಕಿಯಲ್ಲಿರೋ ಫ್ಯೂಸಿಗೆ ಅದರ ಸುಳಿವೇ ಇರಲ್ಲ. ಅದಕ್ಕೇ ಬ್ಯಾಟರಿಯ ಪ್ಲಸ್ಸಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲೇಬೇಕು. ಈ ಆಂಪಿಗೆ, ಈ ವೈರಿಗೆ 60 ಆಂಪಿಯರಿನದು ಸಾಕು. ಪದೇ ಪದೇ ಹೋಗ್ತಿದೆ ಅಂತ 150ರದ್ದು ತುರುಕೋ ಬುದ್ಧಿವಂತರಿದಾರೆ, ಅವರ ಮಾತು ಕೇಳಬೇಡಿ.

ಇಂಜಿನ್ನಿಗೂ ಡ್ಯಾಶ್‌ಬೋರ್ಡಿಗೂ ನಡುವಿನ ತಗಡಿದೆಯಲ್ಲ, ವೈರು ಸವೆಯೋ ಜಾಗ ಅದೇ. ತೂತಿಗೆ ರಬ್ಬರ್ ಗ್ರೊಮೆಟ್ ಇಲ್ದೆ ವೈರು ಎಳೆದ ಕಾರೊಂದನ್ನ ನೋಡಿದೀನಿ. ತಗಡಿನ ಅಂಚು ಸಿಪ್ಪೆ ಕೊರೆದು ತಾಮ್ರ ಹಲ್ಲು ಕಿರೀತಿತ್ತು. ನಮ್ಮ ರಸ್ತೆಗಳ ಗುಂಡಿಯ ಕುಲುಕಾಟಕ್ಕೆ ಅದೆಷ್ಟು ದಿನ ತಡೆದೀತು?

ಅರ್ಥಿಂಗಾ? ಅದನ್ನೇ ಹೇಳಕ್ಕೆ ಬಂದೆ. ಪ್ಲಸ್ಸಿಗೆ ದಪ್ಪ ವೈರು ಹಾಕಿ ನೆಗೆಟಿವ್ವಿಗೆ ಸಣ್ಣದು ಸಿಕ್ಕಿಸೋ ಮಹಾನುಭಾವರೇ ಜಾಸ್ತಿ. ಹೋದ ಕರೆಂಟು ವಾಪಸ್ ಬರಬೇಡ್ವೇ? ಅದಕ್ಕೂ ಅಷ್ಟೇ ದಪ್ಪ ಬೇಕು, ಉದ್ದ ಆದಷ್ಟೂ ಗಿಡ್ಡ. ಡಿಕ್ಕಿಯ ತಗಡಿನಲ್ಲಿ ಬಣ್ಣ ಕೆರೆದು, ಲೋಹ ಹೊಳೆಯೋ ಕಡೆ ಲಗ್ಗು ಇಟ್ಟು ಬೋಲ್ಟ್ ಬಿಗೀಬೇಕು. ಕೊರೆಯೋ ಮುಂಚೆ ಅಡಿಗೆ ಬಗ್ಗಿ ನೋಡಲಿ, ಪೆಟ್ರೋಲ್ ಟ್ಯಾಂಕು ಆ ಭಾಗದಲ್ಲೇ ಇರುತ್ತೆ. ಸೀಟ್ ಬೆಲ್ಟಿನ ಬೋಲ್ಟಂತೂ ಮುಟ್ಟೋ ಹಾಗಿಲ್ಲ. ಪವರ್ ವೈರು ಒಂದು ಬದಿ, ಹಾಡಿನ ಆರ್‌ಸಿಎ ವೈರು ಇನ್ನೊಂದು ಬದಿ ಹೋಗಲಿ. ಇಲ್ದಿದ್ರೆ ಆಕ್ಸಿಲರೇಟರ್ ಒತ್ತಿದಾಗೆಲ್ಲ ಸ್ಪೀಕರಿನಲ್ಲಿ ಕುಂಯ್ ಅಂತ ಶ್ರುತಿ ಏರಬಹುದು.

ಕೆಲಸ ಶುರು ಮಾಡೋ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಬೇಕು, ಕಟ್ಟುವಾಗ ಅದೇ ಕೊನೆಗೆ. ಪ್ಲಸ್ ಮೊದಲು ಬಿಚ್ಚಕ್ಕೆ ಹೋಗಿ ಸ್ಪಾನರ್ ಬಾಡಿಗೆ ತಾಗಿದ್ರೆ ದೀಪಾವಳಿಯೇ. ಎಲ್ಲ ಮುಗಿದ ಮೇಲೆ ಅರ್ಧ ಗಂಟೆ ಜೋರಾಗಿ ಬಾರಿಸಲಿ, ನಾನು ಕಿವಿಗೆ ಹತ್ತಿ ಇಟ್ಕೋತೀನಿ. ಆಮೇಲೆ ಆಫ್ ಮಾಡಿ ಫ್ಯೂಸ್ ಹೋಲ್ಡರನ್ನೂ ಒಂದೊಂದು ಜಾಯಿಂಟನ್ನೂ ಹುಷಾರಾಗಿ ಮುಟ್ಟಿ ನೋಡಕ್ಕೆ ಹೇಳಿ. ಬೆಚ್ಚಗಿದ್ರೆ ಅಡ್ಡಿಯಿಲ್ಲ. ಕೈ ಸುಡ್ತಿದ್ರೆ ಅಲ್ಲಿಗೆ ಹಾಡು ಬಂದ್ ಮಾಡಿ, ಆ ಜಾಯಿಂಟ್ ಬಿಚ್ಚಿ ಹೊಸ ಲಗ್ಗು ಕ್ರಿಂಪ್ ಮಾಡಿಸಿ ರಾಯರೇ.