ನಡೀತದಪ್ಪನವರ ಗೀಸರ್

ನಡೀತದಪ್ಪ ಎಂಬುದು ತೊಟ್ಟಿಲಲ್ಲಿ ಹಾಕಿ ಕರೆದ ಹೆಸರಲ್ಲ, ಓಣಿಯವರು ದಯಪಾಲಿಸಿದ ಪದವಿ. ಫ್ಯಾನು ಕಿರುಗುಟ್ಟಿದರೆ "ನಡೀತದ." ಸ್ಕೂಟರಿನ ಬ್ರೇಕನ್ನು ಬಸ್ ಸ್ಟ್ಯಾಂಡ್ ಬರುವ ಮೊದಲೇ ಒತ್ತಲು ಶುರುಮಾಡಬೇಕಾದರೂ "ನಡೀತದ." ಕನ್ನಡಕದ ಒಂದು ಕಡ್ಡಿ ಮುರಿದು ಕಿವಿಗೆ ದಾರ ಸುತ್ತಿಕೊಂಡರೆ ಅದೂ "ನಡೀತದ ಬಿಡ್ರಿ, ಕಾಣ್ತದಲ್ಲ!"

ನಮ್ಮ ಜಿಲ್ಲೆಯ ಯಾವ ಊರಿಗೆ ಹೋದರೂ ಇವರು ಸಿಗುತ್ತಾರೆ. ಯಾದಗಿರಿಯವರು ಸ್ಟೇಷನ್ ಕಡೆ ಕೈ ಮಾಡಿ, ಗಾಡಿ ಎಷ್ಟು ಲೇಟಾದರೂ ಬಂದೇ ಬರುತ್ತದಲ್ಲ ಅನ್ನುತ್ತಾರೆ. ಸುರಪುರದವರು ಸೀದಾ ಇತಿಹಾಸಕ್ಕೇ ಹೋಗುತ್ತಾರೆ. "ಟೇಲರ್ ಸಾಹೇಬ ಗುಡ್ಡದ ಮ್ಯಾಲ ಮಂಜಿಲ್ ಕಟ್ಟಿ ನೂರಾ ಎಪ್ಪತ್ತು ವರ್ಷ ಮೀರ್ತು. ಯಾವ ಕಂಪನಿಯವ ಬಂದು ಸರ್ವಿಸ್ ಮಾಡ್ಯಾನ ಹೇಳ್ರಿ?" ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ 1853ರಲ್ಲಿ ಸುರಪುರ ಬಿಟ್ಟ ಮೇಲೆ ಆ ಬಂಗಲೆಗೆ ಯಾರ್‍ಯಾರೋ ಸುಣ್ಣ ಬಳಿದಿದ್ದಾರೆ, ಬಾಗಿಲು ರಿಪೇರಿ ಮಾಡಿದ್ದಾರೆ ಎಂದರೆ ಅಷ್ಟು ಹೊತ್ತಿಗೆ ಅವರು ಎಲೆಅಡಿಕೆಯ ಚೀಲ ಬಿಚ್ಚಿರುತ್ತಾರೆ.

ನಾನು ಹತ್ತಿರದಿಂದ ಬಲ್ಲವರು ಶಹಾಪುರದವರು. ಶಹಾಪುರದ ಗುಡ್ಡಗಳ ಸಾಲನ್ನು ದೂರದಿಂದ ನೋಡಿದರೆ ಬುದ್ಧ ಅಂಗಾತ ಮಲಗಿದಂತೆ ಕಾಣುತ್ತದೆ. ಹೊರಗಿನವರು ನಿಂತು ಫೋಟೋ ತೆಗೆಯುತ್ತಾರೆ. ನಡೀತದಪ್ಪನವರು ಅದನ್ನೇ ತಮ್ಮ ವಾದಕ್ಕೆ ಸಾಕ್ಷಿಗೆ ನಿಲ್ಲಿಸಿದ್ದಾರೆ. "ತಮ್ಮಷ್ಟಕ್ಕ ತಾವು ಮಲಗಿದವರನ್ನ ಎಬ್ಬಿಸಬಾರದ್ರಿ. ಮಿಷನ್ನೂ ಹಂಗ. ಬಿಚ್ಚಿದ್ರ ಕೆಡ್ತದ." ಈ ಕೊನೆಯ ಮಾತಿನಲ್ಲಿ ಸ್ವಲ್ಪ ಸತ್ಯವಿದೆ, ಸುಳ್ಳು ಹೇಳಬಾರದು. ನಮ್ಮ ಕಡೆ ಕೆಲವು ಮಿಸ್ತ್ರಿಗಳು ಬಿಚ್ಚಿದ್ದನ್ನು ತಿರುಗಿ ಜೋಡಿಸಿದ ಮೇಲೂ ಅವರ ಕೈಯಲ್ಲಿ ನಾಲ್ಕು ಸ್ಕ್ರೂ ಉಳಿದಿರುತ್ತವೆ.

ಅವರ ಬಚ್ಚಲಮನೆಯ ಗೋಡೆಯ ಮೇಲೆ 15 ಲೀಟರಿನ ಒಂದು ಗೀಸರ್ ಇದೆ. ಅದರ ಮೈಮೇಲೆ ಸಾಲಾಗಿ ಕುಂಕುಮದ ಬೊಟ್ಟುಗಳು, ಹಳೆಯವು ಕಂದು ಬಣ್ಣಕ್ಕೆ ತಿರುಗಿ, ಹೊಸದು ಕೆಂಪಗೆ. ಮಹಾನವಮಿಗೆ ಖಂಡೆಪೂಜೆ ಮಾಡುವಾಗ ಸ್ಕೂಟರ್, ನೀರಿನ ಮೋಟಾರು, ಮಿಕ್ಸಿ, ಗೀಸರ್ ಎಲ್ಲಕ್ಕೂ ಬೊಟ್ಟಿಟ್ಟು ಊದಿನಕಡ್ಡಿ ಬೆಳಗುತ್ತಾರೆ. ಮರುದಿನ ಬನ್ನಿ ಎಲೆಯನ್ನೂ ಪೈಪಿನ ಸಂದಿಗೆ ಸಿಕ್ಕಿಸುತ್ತಾರೆ. ಸರ್ವಿಸ್ ಯಾವಾಗ ಆಯಿತು ಎಂದು ಕೇಳಿದವರಿಗೆ ಆ ಬೊಟ್ಟುಗಳನ್ನೇ ತೋರಿಸುತ್ತಾರೆ. "ವರ್ಷಾ ಆಗ್ತದ. ಲೆಕ್ಕಾ ನೋಡ್ಕೋರಿ."

ಯಾದಗಿರಿ ಸೀಮೆಯಲ್ಲಿ ಗೀಸರ್ ಬಗ್ಗೆ ಇಷ್ಟು ಉದಾಸೀನಕ್ಕೆ ಹವಾಮಾನವೂ ಪಾಲುದಾರ. ಏಪ್ರಿಲ್, ಮೇ ತಿಂಗಳಲ್ಲಿ ಪಾರಾ 42, 43 ಡಿಗ್ರಿ ದಾಟುವಾಗ ಮಾಳಿಗೆಯ ಮೇಲಿನ ಕಪ್ಪು ಟಾಕಿಯೇ ಗೀಸರ್. ಮಧ್ಯಾಹ್ನ ನಳ ತಿರುವಿದರೆ ಕೈ ಸುಡುತ್ತದೆ. ತಣ್ಣೀರು ಬೇಕೆಂದರೆ ರಾತ್ರಿಯೇ ಬಕೆಟ್ ತುಂಬಿಟ್ಟುಕೊಳ್ಳಬೇಕು. ಹೀಗೆ ತಿಂಗಳುಗಟ್ಟಲೆ ಯಾರೂ ಮಾತಾಡಿಸದೆ ನೇತಾಡಿದ ಗೀಸರಿನ ನೆನಪಾಗುವುದು ದೀಪಾವಳಿ ಹೊತ್ತಿಗೆ, ನಸುಕಿನ ಗಾಳಿ ಮೈಗೆ ಚುಚ್ಚಿದಾಗ. ಸ್ವಿಚ್ ಒತ್ತಿದರೆ ಕೆಂಪು ದೀಪ ಹತ್ತುತ್ತದೆ. ದೀಪ ಹತ್ತಿತೆಂದರೆ ನಡೀತದಪ್ಪನವರ ತಪಾಸಣೆ ಮುಗಿಯಿತು.

ಒಳಗೆ ಆಗುವುದೇ ಬೇರೆ. ನಳದಲ್ಲಿ ಹೊಳೆಯ ನೀರು ಬಂದ ದಿನ ಬಂತು, ಬರದ ದಿನ ಬೋರಿನ ನೀರೇ ಗತಿ. ಬೋರಿನ ನೀರಿನಲ್ಲಿ ಸುಣ್ಣದಂಶ ಕರಗಿ ಕಣ್ಣಿಗೆ ಕಾಣದಂತಿರುತ್ತದೆ. ನೀರು ಕಾದಂತೆ ಅದು ಕರಗಿರಲಾರದೆ ಕಾಯಿಲ್ ಮೇಲೆ ಪದರ ಪದರವಾಗಿ ಕಲ್ಲುಗಟ್ಟಿ ಕೂರುತ್ತದೆ. 60 ಡಿಗ್ರಿ ದಾಟಿತೆಂದರೆ ಕೂರುವ ಅವಸರ ಇನ್ನೂ ಹೆಚ್ಚು, ಮತ್ತು ನಮ್ಮವರ ಗೀಸರಿನ ಗುಂಡಿ ಸದಾ ತುದಿಗೆ ತಿರುಗಿಯೇ ಇರುತ್ತದೆ. ಭೀಮಾ ಕಣಿವೆಯ ಜನರಿಗೆ ಈ ಕಲ್ಲು ಹೊಸದಲ್ಲ. ಅಂಗಳಕ್ಕೆ, ಪಡಸಾಲೆಗೆ ಹಾಸುವ ಶಹಾಬಾದ್ ಫರಸಿಯೂ ಸುಣ್ಣದ ಕಲ್ಲೇ. ನಡೀತದಪ್ಪನವರು ನೆಲಕ್ಕೆ ರೊಕ್ಕ ಕೊಟ್ಟು ಫರಸಿ ಹಾಸಿಸಿದರು, ಗೀಸರಿನೊಳಗೆ ಅದು ಪುಕ್ಕಟೆ ಹಾಸಿಕೊಂಡಿತು.

ಮೊದಲು ನೀರು ಕಾಯಲು ತಡ ಮಾಡಿತು. 2 ಕಿಲೋವಾಟ್ ಕಾಯಿಲ್ 15 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಏರಿಸಲು ಹದಿನೆಂಟು ಇಪ್ಪತ್ತು ನಿಮಿಷ ಸಾಕು. ಇವರದು ಅಷ್ಟರಲ್ಲಿ ಉಗುರುಬೆಚ್ಚಗೂ ಆಗುತ್ತಿರಲಿಲ್ಲ. "ಚಳಿ ಜಾಸ್ತಿ ಅದ ಈ ವರ್ಷ" ಅಂದರು. ಆಮೇಲೆ ಒಳಗಿಂದ ಗುಡುಗುಡು, ಟಪ್ ಟಪ್ ಸದ್ದು ಶುರುವಾಯಿತು. ಸುಣ್ಣದ ಪದರದ ಕೆಳಗೆ ಸಿಕ್ಕ ನೀರು ಕುದಿದು ಗುಳ್ಳೆಯೊಡೆಯುವ ಸದ್ದದು. "ನೀರು ಕಾಯ್ಲತ್ತಾವ ಅಂತ ಗೊತ್ತಾಗ್ಲಿಕ್ಕಿ ಛಲೋ ಆತು" ಅಂದರು. ಕೆಂಪು ನೀರು ಬಂದಾಗ ಮುನ್ಸಿಪಾಲ್ಟಿಯನ್ನು ಬೈದರು.

ಆ ಕೆಂಪಿನ ಹಿಂದೆ ಒಂದು ತ್ಯಾಗದ ಕಥೆಯಿದೆ. ಟಾಕಿಯೊಳಗೆ ಮೆಗ್ನೀಸಿಯಂ ಸರಳೊಂದು ಇರುತ್ತದೆ. ಟಾಕಿಯ ಉಕ್ಕಿಗೆ ಹತ್ತಬೇಕಾದ ತುಕ್ಕನ್ನು ಅದು ತನ್ನ ಮೈಮೇಲೆ ಎಳೆದುಕೊಂಡು ಸವೆಯುತ್ತದೆ. ಅದು ಪೂರ್ತಿ ಸವೆದ ದಿನದಿಂದ ಟಾಕಿಯ ಸರದಿ. ವರ್ಷಕ್ಕೊಮ್ಮೆ ಬಿಚ್ಚಿ ನೋಡಿ, ಸವೆದಿದ್ದರೆ ಬದಲಿಸಿದರೆ ಗೀಸರಿಗೆ ಹತ್ತಾರು ವರ್ಷ ಆಯುಷ್ಯ. ಮಿಸ್ತ್ರಿ ಇದನ್ನು ಪಡಸಾಲೆಯಲ್ಲಿ ಕೂತು ವಿವರಿಸುತ್ತಿದ್ದಾಗ ಅಡುಗೆಮನೆಯಿಂದ ಯಜಮಾನ್ತಿಯ ದನಿ ಬಂತಂತೆ: "ಹಂಗಾರ ಈ ಮನ್ಯಾಗ ನಾವು ಇಬ್ಬರಾದ್ವಿ ನೋಡ್ರಿ."

ಸೇಫ್ಟಿ ವಾಲ್ವಿನದು ಮಾತ್ರ ನಗುವ ವಿಷಯವಲ್ಲ. 15 ಲೀಟರ್ ನೀರು 60 ಡಿಗ್ರಿಗೆ ಕಾದರೆ ಒಂದು ಸಣ್ಣ ಲೋಟದಷ್ಟು ಹಿಗ್ಗುತ್ತದೆ. ಹಿಗ್ಗಿದ್ದಕ್ಕೆ ದಾರಿ ಬೇಕು, ಅದಕ್ಕೇ ಆ ವಾಲ್ವು. ಕಾಯುವಾಗ ನಾಲ್ಕು ಹನಿ ತೊಟ್ಟಿಕ್ಕಿದರೆ ಅದು ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಆರಿದ ಮೇಲೂ ಸೋರುತ್ತಲೇ ಇದ್ದರೆ ಮಿಸ್ತ್ರಿಯನ್ನು ಕರೆಯಬೇಕು. ನಡೀತದಪ್ಪನವರು ಎರಡನ್ನೂ ಒಂದೇ ಎಂದು ತಿಳಿದು, ಹಳೆಯ ಸೈಕಲ್ ಟ್ಯೂಬನ್ನು ಪಟ್ಟಿ ಕತ್ತರಿಸಿ, ವಾಲ್ವಿನ ಬಾಯಿಗೆ ಬಿಗಿದು, ಮೇಲೆ ಎಂ-ಸೀಲ್ ಮೆತ್ತಿದರು. ಥರ್ಮೋಸ್ಟಾಟ್ ಕೈಕೊಟ್ಟ ದಿನ ಇಂಥ ಗೀಸರ್ ಒಂದು ಬಾಂಬು. ಗ್ಯಾಸ್ ಗೀಸರಿನ ಮನೆಗಳಲ್ಲಂತೂ ಈ ಜಾಣತನಕ್ಕೆ ಎರಡನೆಯ ಅವಕಾಶವಿಲ್ಲ. ಗಾಳಿಯಾಡದ ಬಚ್ಚಲಲ್ಲಿ ಉರಿ ಸರಿಯಾಗಿ ಉರಿಯದಿದ್ದರೆ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಒಳಗೆ ಹೋದವರು ಬಾಗಿಲು ತೆಗೆಯಲು ಏಳುವುದಿಲ್ಲ.

ಇಷ್ಟರ ಮೇಲೆ ನಳ ಮುಟ್ಟಿದರೆ ಜುಮ್ ಎನ್ನಲು ಶುರುವಾಯಿತು. ಕಾಯಿಲ್ ಒಡೆದು ಕರೆಂಟು ನೀರಿಗಿಳಿದಿದೆ, ಅರ್ಥಿಂಗ್ ಸತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಬೋರ್ಡಿನಲ್ಲಿದ್ದ ಟ್ರಿಪ್ ಸ್ವಿಚ್ಚು ತನ್ನ ಧರ್ಮದಂತೆ ಪದೇ ಪದೇ ಬೀಳುತ್ತಿತ್ತು. "ಸುಮ್ಮ ಸುಮ್ಮನ ಬೀಳ್ತದ" ಎಂದು ಅದನ್ನೇ ತೆಗೆಸಿ ನೇರ ವೈರು ಕೊಡಿಸಿದರು. ಬಚ್ಚಲ ಬಾಗಿಲಲ್ಲಿ ಒಂದು ಜೋಡಿ ರಬ್ಬರ್ ಚಪ್ಪಲಿ ಬಂತು. ಬೀಗರು ಬಂದರೆ ಸ್ನಾನಕ್ಕೆ ಟವೆಲ್ ಕೊಡುವಾಗಲೇ ಸೂಚನೆ: "ಚಪ್ಪಲ್ ಹಾಕ್ಕೊಂಡೇ ಹೋಗ್ರಿ. ನಳಾ ಮಾತ್ರ ಒಣಾ ಅರಿವಿಲಿಂದ ತಿರುವ್ರಿ. ಮತ್ತೇನಿಲ್ಲ, ನಡೀತದ."

ಮಿಸ್ತ್ರಿಯನ್ನು ಕರೆಯಲೇ ಇಲ್ಲ ಎಂದರೆ ಅನ್ಯಾಯವಾದೀತು. ಒಮ್ಮೆ ಯಜಮಾನ್ತಿಯ ಕಾಟಕ್ಕೆ ಫೋನು ಹಚ್ಚಿದರು. ಮಿಸ್ತ್ರಿ "ದಾರ್‍ಯಾಗ ಇದ್ದೀನ್ರಿ, ಹತ್ತಿಗೂಡೂರ ದಾಟೀನಿ" ಅಂದ. ಮರುದಿನವೂ ಹತ್ತಿಗೂಡೂರನ್ನೇ ದಾಟಿದ್ದ. ಸುರಪುರ ರಸ್ತೆಯ ಆ ಕ್ರಾಸಿನಿಂದ ಶಹಾಪುರ ಮುಟ್ಟಲು ಯಾರಿಗೂ ಅಷ್ಟು ಹೊತ್ತು ಹಿಡಿದದ್ದಿಲ್ಲ. ಕೊನೆಗೆ ಬಂದು ನೋಡಿ, ಕಾಯಿಲ್ ಸ್ವಚ್ಛ ಮಾಡಿ ಸರಳು ಬದಲಿಸಲು ಎಂಟುನೂರು ಅಂದ. "ಎಂಟುನೂರಕ್ಕ ಎರಡು ತಿಂಗಳ ಹಾಲು ಬರ್ತಾವ" ಎಂದು ಚಹಾ ಕುಡಿಸಿ ಕಳಿಸಿದರು. ಎಂಟುನೂರಕ್ಕೆ ಎರಡು ತಿಂಗಳ ಹಾಲು ಬರುತ್ತಿದ್ದ ಕಾಲ ಯಾವುದೋ ಏನೋ. ಆಮೇಲೆ ಸ್ವಂತ ವೈದ್ಯಕ್ಕೆ ಇಳಿದು ಬಚ್ಚಲು ತೊಳೆಯುವ ಆ್ಯಸಿಡ್ ಬಾಟಲಿ ಹಿಡಿದು ನಿಂತಿದ್ದರು. ಸುಣ್ಣ ಕರಗಿಸಲು ಲಿಂಬೆ ಉಪ್ಪು ಸಾಕು, ಈ ಆ್ಯಸಿಡ್ ಸುಣ್ಣದ ಜೊತೆ ಟಾಕಿಯನ್ನೂ ತಿನ್ನುತ್ತದೆ ಎಂದು ಪಕ್ಕದ ಮನೆಯ ಕೆಮಿಸ್ಟ್ರಿ ಮೇಷ್ಟ್ರು ಬಾಟಲಿ ಕಸಿದುಕೊಂಡರು.

ಕರೆಂಟು ದಂಡವಾಗುತ್ತದೆ ಎಂಬ ವಾದವೂ ಇವರ ಮುಂದೆ ನಿಲ್ಲುವುದಿಲ್ಲ. 2023ರಲ್ಲಿ ಗೃಹಜ್ಯೋತಿ ಬಂದಾಗಿನಿಂದ ಜೆಸ್ಕಾಂ ಬಿಲ್ಲಿನಲ್ಲಿ ಸೊನ್ನೆ ನೋಡಿ ರೂಢಿಯಾಗಿದೆ. ಆ ಸೊನ್ನೆಗೂ ಒಂದು ಗೆರೆಯಿದೆ, 200 ಯೂನಿಟ್ ದಾಟಿದರೆ ಇಡೀ ಬಿಲ್ಲು ಕಟ್ಟಬೇಕು ಎಂಬುದು ಜನವರಿಯಲ್ಲಿ ಗೊತ್ತಾಯಿತು. ಇಲ್ಲಿ ಗೀಸರಿನ ಪರವಾಗಿ ಒಂದು ಮಾತು ಹೇಳಬೇಕು. ಕರೆಂಟಿನ ಕಾಯಿಲ್ ನೀರಿನೊಳಗೇ ಇರುವುದರಿಂದ, ಸುಣ್ಣ ಕಟ್ಟಿದರೂ ಶಾಖ ತಡವಾಗಿಯಾದರೂ ನೀರಿಗೇ ಸೇರುತ್ತದೆ. ಬಿಲ್ಲು ಅಂಗಡಿಯವರು ಹೆದರಿಸುವಷ್ಟು ಏರುವುದಿಲ್ಲ. ಸಾಯುವುದು ಕಾಯಿಲ್, ಒಳಗೇ ಕಾದು ಕಾದು. ನಡೀತದಪ್ಪನವರಿಗೆ ಈ ಅರ್ಧ ಸತ್ಯ ಸಿಕ್ಕಿದ್ದೇ ಸಾಕು, ಚಹಾದಂಗಡಿಯಲ್ಲಿ ವಾರಗಟ್ಟಲೆ ಅದನ್ನೇ ಹಂಚಿದರು.

ಹೀಗೇ ನಡೆದೂ ನಡೆದೂ ಗೀಸರ್ ನಿಂತದ್ದು ನರಕ ಚತುರ್ದಶಿಯ ನಸುಕಿನಲ್ಲಿ. ಹೊಸ ಅಳಿಯನ ಮೊದಲ ದೀಪಾವಳಿ. ಅಳಿಯನ ನೌಕರಿ ರಾಯಚೂರಿನ ಶಕ್ತಿನಗರದಲ್ಲಿ, ಅದೂ ಬಾಯ್ಲರ್ ಮೇಂಟೆನೆನ್ಸ್ ವಿಭಾಗದಲ್ಲಿ. ದೇವರಿಗೂ ಹಾಸ್ಯಪ್ರಜ್ಞೆ ಇದೆ. ಆರತಿ ಆಗಿ, ನೆತ್ತಿಯಿಂದ ಅಂಗಾಲಿನವರೆಗೆ ಎಣ್ಣೆ ಹಚ್ಚಿಸಿಕೊಂಡು, ಕಡಲೆಹಿಟ್ಟು ಮೆತ್ತಿಸಿಕೊಂಡು ಆತ ಒಳಗೆ ಹೋದ. ಒಂದು ತಂಬಿಗೆ ಬಿಸಿನೀರು ಬಂತು. ಆಮೇಲೆ ಢಪ್ ಎಂದು ಮನೆಯ ದೀಪವೆಲ್ಲ ಆರಿ, ಆಕಾಶಬುಟ್ಟಿಯೂ ಕಪ್ಪಾಯಿತು. ಬಾಗಿಲ ಸಂದಿಯಿಂದ ಹಳದಿ ಮುಖವೊಂದು ಇಣುಕಿತು. "ಮಾವಾರ, ಇದನ್ನ ಕಡೀಗಿ ಯಾವಾಗ ಓವರಾಲ್ ಮಾಡಿದ್ರಿ?"

ಗೀಸರ್ ಬಿಚ್ಚಿದ್ದು ಹಬ್ಬದ ಊಟ ಮುಗಿದ ಮೇಲೆ, ಅಳಿಯನೇ. ಮೊದಲು ಮೇನ್ ಸ್ವಿಚ್ಚು ತೆಗೆಸಿ, ಟೆಸ್ಟರ್ ಹಿಡಿದು ನೋಡಿ, ಸೈಕಲ್ ಟ್ಯೂಬಿನ ಪಟ್ಟಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ಏನೂ ಅನ್ನದೆ ಕಿಟಕಿಯಲ್ಲಿಟ್ಟ. ಕೆಳಗಿನ ತಟ್ಟೆ ಬಿಚ್ಚಿದಾಗ ಒಳಗಿಂದ ಬೊಗಸೆಗಟ್ಟಲೆ ಬಿಳಿ ಚಕ್ಕೆ ಸುರಿದವು. ಕಾಯಿಲ್ ಎಲ್ಲಿದೆಯೆಂದು ಕೆರೆದು ಹುಡುಕಬೇಕಾಯಿತು. ಮೆಗ್ನೀಸಿಯಂ ಸರಳಿನ ಜಾಗದಲ್ಲಿ ಒಂದು ತೆಳ್ಳನೆಯ ತಂತಿ ಮಾತ್ರ ಉಳಿದಿತ್ತು. ಅಳಿಯ ಪಾಠ ಶುರು ಮಾಡಿದ. ಶಕ್ತಿನಗರದಲ್ಲಿ ಒಟ್ಟು 1720 ಮೆಗಾವಾಟಿನ ಎಂಟು ಘಟಕಗಳಿವೆ, ಬಾಯ್ಲರಿಗೆ ಬಿಡುವ ನೀರಿನಿಂದ ಸುಣ್ಣ ಪೂರ್ತಿ ತೆಗೆದೇ ಬಿಡುತ್ತಾರೆ, ಆದರೂ ನಿಲ್ಲಿಸಿ, ಆರಿಸಿ, ಒಳಹೊಕ್ಕು ನೋಡದೆ ವರ್ಷ ದಾಟಿಸುವುದಿಲ್ಲ. 1923ರ ಬಾಯ್ಲರ್ ಕಾಯ್ದೆಯಿಂದ ಹಿಡಿದು 2025ರ ಹೊಸ ಕಾಯ್ದೆಯವರೆಗೆ ಎಲ್ಲ ಹೇಳಿದ. ನಡೀತದಪ್ಪನವರು ಕೇಳಿದ್ದು ಒಂದೇ ಪ್ರಶ್ನೆ. "ಅದು ಮನಿ ಗೀಸರಿಗಿ ಬರ್ತದೇನು?" ಉಗಿ ಹುಟ್ಟಿಸದ ಗೀಸರಿಗೆ ಆ ಕಾಯ್ದೆ ಬರುವುದಿಲ್ಲ ಎಂದು ಅಳಿಯ ಒಪ್ಪಬೇಕಾಯಿತು. "ಮತ್ತ? ಸರಕಾರನೇ ಬ್ಯಾಡ ಅಂದದ!"

ಅಂದು ಬೆಳಿಗ್ಗೆ ಅಳಿಯನ ಮಾನ ಉಳಿಸಿದ್ದು ಹಿತ್ತಲಿನ ತಾಮ್ರದ ಹಂಡೆ. ನಡೀತದಪ್ಪನವರ ತಾಯಿ, ಎಂಬತ್ತು ದಾಟಿದ ಮುದುಕಿ, ಗೀಸರ್ ಬಂದ ದಿನದಿಂದಲೂ ಅದನ್ನು ನಂಬಿದವರಲ್ಲ. ನೀರು ತುಂಬುವ ಹಬ್ಬದ ದಿನ ಹಂಡೆಯನ್ನು ಒಲೆಯಿಂದಿಳಿಸಿ, ಹುಣಸೆಹಣ್ಣು ಹಚ್ಚಿ, ಒಳಗೆ ಕೈಬಿಟ್ಟು ವರ್ಷದ ಸುಣ್ಣದ ಪದರವನ್ನೆಲ್ಲ ತಿಕ್ಕಿ ತೆಗೆದಿದ್ದರು. ಒಲೆಯ ಬೂದಿ ತೆಗೆದು, ಮಸಿ ಕೆರೆದು, ಕೊರಳಿಗೆ ಹಿಂಡಲಬಳ್ಳಿ ಸುತ್ತಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು ನೀರು ತುಂಬಿದ್ದರು. ಪ್ರತಿ ವರ್ಷ ಅದೇ ದಿನ, ಅದೇ ಕ್ರಮ, ಚಳಿ ಶುರುವಾಗುವ ಹೊಸ್ತಿಲಲ್ಲೇ. ದೀಪ ಆರಿದ್ದೇ ತಡ ಹೋದ ವರ್ಷದ ತೊಗರಿಕಟ್ಟಿಗೆ ಒಟ್ಟಿ ಬೆಂಕಿ ಹಚ್ಚಿದರು. ಅಳಿಯ ಕಂಬಳಿ ಹೊದ್ದು, ಹಿಟ್ಟು ಒಣಗಿ ಬಿರುಕು ಬಿಟ್ಟ ಮುಖದಲ್ಲಿ ಕಾದು ಕೂತಿದ್ದ. ನೀರು ಬೇಗ ಕಾದವು.

ಸಂಜೆ ಹೊರಡುವ ಮೊದಲು ಆತ ಹಿತ್ತಲಿಗೆ ಹೋಗಿ ಹಂಡೆಯನ್ನು ಸುತ್ತಿ ಬಂದ, ಬೆರಳ ಗಿಣ್ಣಿನಿಂದ ತಟ್ಟಿ ದನಿ ಕೇಳಿದ, ಬ್ಯಾಟರಿ ಬಿಟ್ಟು ಒಳಗೆ ನೋಡಿದ. "ಅಜ್ಜೀ, ಇದು ಪಾಸ್" ಅಂದ. ಮುದುಕಿ ಹೊಗಳಿಕೆಯನ್ನು ಕಿವಿಗೆ ಹಾಕಿಕೊಳ್ಳದೆ, ಬಹಳ ಹೊತ್ತಿನಿಂದ ಕಾಡುತ್ತಿದ್ದ ಅನುಮಾನ ಕೇಳಿದರು.

"ಅಲ್ಲಪ್ಪಾ, ನಿಮ್ಮ ಶಕ್ತಿನಗರದ ಹಂಡೇವು ಅಷ್ಟು ದೊಡ್ಡದ ಅಂತೀದಿ. ಅದಕ ಹುಣಸಿಹಣ್ಣು ಎಷ್ಟು ಚೀಲ ಹಿಡೀತದ?"